ತೋಟದಲ್ಲಿ 2ಜಿ, ಕೈಯಲ್ಲಿ ಹಳೇ ಫೋನು: ಡಯಲ್-ಅಪ್ ಕಾಲದ ಸ್ಪೀಡಿಗೆ ಹೊಂದಿಸುವುದು ಹೇಗೆ?

ತೋಟದಮನೆ (ಹೊಳಲ್ಕೆರೆ ತಾಲ್ಲೂಕು), ಸೋಮವಾರ ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ನಮ್ಮ ಅಡಿಕೆ ತೋಟ ಚಿಕ್ಕಜಾಜೂರಿನಿಂದ ಸ್ವಲ್ಪ ಒಳಗೆ, ಗುಡ್ಡದ ಬೆನ್ನಿಗೆ ಇದೆ. ಹಗಲೆಲ್ಲ ನಾನು ಅಲ್ಲೇ. ಪಂಪ್‌ಹೌಸಿನಲ್ಲಿ ಇಟ್ಟುಕೊಳ್ಳಲು ಅಂತ ಅಪ್ಪನ ಹಳೇ ಫೋನ್ ಹೊರಗೆ ತೆಗೆದಿದ್ದೇನೆ. ಆಂಡ್ರಾಯ್ಡ್ 4.4, ರ್ಯಾಮ್ 512 ಎಂಬಿ, 3ಜಿವರೆಗೆ ಮಾತ್ರ. ತೋಟದಲ್ಲಿ ಎರಡು ಕಡ್ಡಿ ಸಿಗ್ನಲ್ ಬರುತ್ತದೆ. ಪಕ್ಕದಲ್ಲಿ ‘ಇ’ ಅಂತ ತೋರಿಸುತ್ತದೆ.

ನನಗೆ ಬೇಕಾದ್ದು ಮೂರೇ. ಭೀಮಸಮುದ್ರ, ಚನ್ನಗಿರಿಯ ಅಡಿಕೆ ರೇಟು. ಮಗಳ ಕಾಲೇಜಿನಿಂದ ಬರುವ ಇ-ಮೇಲ್. ಮಳೆ ಬರುತ್ತದೋ ಇಲ್ಲವೋ. ವಿಡಿಯೊ ಬೇಡ, ರೀಲ್ಸ್ ಬೇಡ. ಆದರೆ ಯಾವ ಪೇಜ್ ಒತ್ತಿದರೂ ಗಿರಗಿರ ತಿರುಗಿ ಕೊನೆಗೆ ಬಿಳಿ ಹಾಳೆ. ಸಿಮ್ ಕಂಪನಿಯವರಿಗೆ ಫೋನ್ ಮಾಡಿದರೆ ‘ಸ್ವಿಚ್ ಆಫ್ ಮಾಡಿ ಆನ್ ಮಾಡಿ’ ಅಂದರು. ಅದನ್ನು ದಿನಾ ಮಾಡುತ್ತಲೇ ಇದ್ದೇನೆ.

ಮಂಡಕ್ಕಿಮಿರ್ಚಿ (ದಾವಣಗೆರೆ), 8:52

ಅಣ್ಣ, ಅಡಿಕೆ ಬೆಳೆಗಾರರು ನೀವು. ಒಂದು ಹೊಸ ಫೋನ್ ತಗೊಂಡುಬಿಡಿ. ಇದಕ್ಕೆಲ್ಲ ಒದ್ದಾಡುವುದು ಯಾಕೆ?

ತೋಟದಮನೆ, 9:05

ತಮ್ಮಾ, ನಮ್ಮ ಅಕ್ಕನ ಮಗ ಹೋದ ವಾರ ಹೊಸ 5ಜಿ ಫೋನ್ ಹಿಡಿದುಕೊಂಡು ತೋಟಕ್ಕೆ ಬಂದಿದ್ದ. ಅವನದ್ದರಲ್ಲೂ ಅದೇ ‘ಇ’. ಅವನ ಇನ್ನೊಂದು ಸಿಮ್ 4ಜಿ ಮಾತ್ರದ್ದು. ಅದರಲ್ಲಿ ಕಡ್ಡಿಯೇ ಇಲ್ಲ. ಹೊಸ ಫೋನ್ ತಂದರೆ ಗುಡ್ಡ ಪಕ್ಕಕ್ಕೆ ಸರಿಯುತ್ತದಾ ಹೇಳು.

ಏಳುಸುತ್ತು (ಚಿತ್ರದುರ್ಗ), 9:31

ಗುಡ್ಡದ ಮಾತು ಸರಿ. ಜೋಗಿಮಟ್ಟಿ ಗುಡ್ಡದ ಹಿಂದಿನ ಊರುಗಳಲ್ಲಿ ನಾನೂ ಇದನ್ನೇ ನೋಡಿದ್ದೇನೆ. 900 ಮೆಗಾಹರ್ಟ್ಸ್‌ನ 2ಜಿ ಸಿಗ್ನಲ್ ದೂರ ಹೋಗುತ್ತದೆ, ಅಡ್ಡ ಇದ್ದದ್ದನ್ನು ಸ್ವಲ್ಪ ಬಳಸಿಕೊಂಡೂ ಬರುತ್ತದೆ. ಅದಕ್ಕಿಂತ ಮೇಲಿನ ಬ್ಯಾಂಡ್‌ಗಳು ಗುಡ್ಡಕ್ಕೆ ಬಡಿದು ಅಲ್ಲೇ ನಿಲ್ಲುತ್ತವೆ. ಇನ್ನೊಂದು ವಿಷಯ. ನಿಮ್ಮ ಫೋನ್ 3ಜಿಯದ್ದಾದರೂ 3ಜಿ ಈಗ ಎಲ್ಲಿದೆ? ಏರ್‌ಟೆಲ್ 2020ರ ಹೊತ್ತಿಗೆ 3ಜಿ ನಿಲ್ಲಿಸಿ 2ಜಿ, 4ಜಿ ಇಟ್ಟುಕೊಂಡಿತು. ಜಿಯೊಗೆ ಮೊದಲಿನಿಂದಲೂ 2ಜಿ, 3ಜಿ ಎರಡೂ ಇಲ್ಲ. ಹಾಗಾಗಿ 3ಜಿ ಫೋನು ಹೆಚ್ಚಿನ ಕಡೆ 2ಜಿಗೇ ಬಂದು ಕೂರುತ್ತದೆ.

‘ಇ’ ಅಂದರೆ ಎಡ್ಜ್, 2ಜಿಯ ಇಂಟರ್ನೆಟ್. ಪುಸ್ತಕದ ಲೆಕ್ಕದಲ್ಲಿ ನಾಲ್ಕು ಸ್ಲಾಟ್ (ಟವರ್ ಎಲ್ಲರಿಗೂ ಹಂಚುವ ಸಮಯದ ಪಾಲು) ಸಿಕ್ಕರೆ 236.8 ಕೆಬಿಪಿಎಸ್, ಅಂದರೆ ಸೆಕೆಂಡಿಗೆ ಅಷ್ಟು ಸಾವಿರ ಬಿಟ್. ನಾಲ್ಕೂ ನಿಮಗೇ ಸಿಗಬೇಕಲ್ಲ! ಮಾತಾಡುವವರಿಗೆ ಮೊದಲ ಪಾಲು, ಉಳಿದದ್ದು ಡೇಟಾಕ್ಕೆ. ತೋಟದ ಮೂಲೆಯಲ್ಲಿ 50, 60 ಸಿಕ್ಕರೆ ದೊಡ್ಡದು. ಅದು ಲ್ಯಾಂಡ್‌ಲೈನಿನಲ್ಲಿ ನಂಬರ್ ಡಯಲ್ ಮಾಡಿ ಇಂಟರ್ನೆಟ್ ಹಿಡಿಯುತ್ತಿದ್ದ ಹಳೇ ಡಯಲ್-ಅಪ್ ಮೋಡೆಮ್‌ನ 56 ಕೆಬಿಪಿಎಸ್ ಆಯಿತು. ಎಂಟು ಬಿಟ್ ಸೇರಿ ಒಂದು ಬೈಟ್, ಎಂಟರಿಂದ ಭಾಗಿಸಿ: ಸೆಕೆಂಡಿಗೆ 7 ಕೆಬಿ. 2 ಎಂಬಿಯ ಪೇಜ್ ಬರಲು ನಾಲ್ಕೂವರೆ ನಿಮಿಷದ ಮೇಲೆ. ಅಷ್ಟರಲ್ಲಿ ಬ್ರೌಸರ್‌ಗೇ ಬೇಜಾರಾಗಿ ಕೈಬಿಟ್ಟಿರುತ್ತದೆ. ಅದೇ ಪೇಜನ್ನು 150 ಕೆಬಿಗೆ ಇಳಿಸಿದರೆ 20 ಸೆಕೆಂಡಿನ ಆಸುಪಾಸು. ನೀವು ಮಾಡಬೇಕಾದ ಕೆಲಸ ಇಷ್ಟೇ, ಇಳಿಸುವುದು.

ಮೊದಲು ಹಿಂದೆ ಕೂತು ಡೇಟಾ ತಿನ್ನುವವರನ್ನು ಓಡಿಸಿ. ಸೆಟ್ಟಿಂಗ್ಸ್‌ನಲ್ಲಿ ಡೇಟಾ ಯೂಸೇಜ್ ತೆರೆದು ‘ರಿಸ್ಟ್ರಿಕ್ಟ್ ಬ್ಯಾಕ್‌ಗ್ರೌಂಡ್ ಡೇಟಾ’ ಆನ್ ಮಾಡಿ. ಆಟೊ ಸಿಂಕ್ ಆಫ್. ಪ್ಲೇಸ್ಟೋರ್‌ನಲ್ಲಿ ಆಟೊ ಅಪ್‌ಡೇಟ್ ಆಫ್. ನೀವು ಫೋನ್ ಆನ್ ಮಾಡಿದ ಕೂಡಲೇ ಹತ್ತು ಆ್ಯಪ್ ಒಟ್ಟಿಗೆ ಬಾಯಿ ತೆಗೆಯುತ್ತವೆ. ಇರುವ 7 ಕೆಬಿಯಲ್ಲಿ ನಿಮ್ಮ ಪೇಜಿಗೆ ಏನು ಉಳಿಯಬೇಕು?

ಹಳೇಲೈನು (ದಾವಣಗೆರೆ), 10:10

ಟೆಲಿಫೋನ್ ಇಲಾಖೆಯಲ್ಲಿ ಇದ್ದು ರಿಟೈರ್ ಆದವನು ನಾನು. ಡಯಲ್-ಅಪ್ ಅಂತ ಕೇಳಿದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ಜನರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು, ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್. ನಮ್ಮ ಕಡೆ ಬರಲು ಇನ್ನೂ ಕೆಲವು ವರ್ಷ ಹಿಡಿಯಿತು. 95ರಲ್ಲಿ ದಾವಣಗೆರೆ ಇನ್ನೂ ದುರ್ಗದ ಜಿಲ್ಲೆಯೊಳಗೇ ಇತ್ತು, 1997ರಲ್ಲಿ ಬೇರೆಯಾಯಿತು. 172ರಿಂದ ಶುರುವಾಗುವ ನಂಬರಿಗೆ ಮೋಡೆಮ್ ತಾನೇ ಫೋನ್ ಮಾಡುತ್ತಿತ್ತು. ಕೀಂ, ಕೊರ್‌ರ್ ಅಂತ ಒಂದು ಸದ್ದು. ಸದ್ದು ಕೇಳಿಯೇ ಲೈನ್ ಹಿಡಿಯಿತೋ ಇಲ್ಲವೋ ಹೇಳುತ್ತಿದ್ದೆವು. 56 ಅಂತ ಡಬ್ಬದ ಮೇಲೆ ಬರೆದಿರುತ್ತಿತ್ತು. ಕಂಬದಿಂದ ಮನೆಗೆ ಬರುವ ತಂತಿಯ ಜಾಯಿಂಟ್‌ನಲ್ಲಿ ತುಕ್ಕು ಇದ್ದರೆ ಅದರ ಅರ್ಧ ಸಿಕ್ಕರೆ ಹೆಚ್ಚು. ಮಳೆ ಬಂದರೆ ಕೇಳಲೇಬೇಡಿ.

ಮೊಬೈಲಿನಲ್ಲೂ ನಿಜವಾದ ಡಯಲ್-ಅಪ್ ಇತ್ತು, ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ನೋಕಿಯಾ 6600ರಲ್ಲಿ ಇಂಟರ್ನೆಟ್ ಸೆಟ್ಟಿಂಗಿನ ಆಕ್ಸೆಸ್ ಪಾಯಿಂಟ್ ತೆರೆದರೆ ‘ಡೇಟಾ ಬೇರರ್’ ಅಂತ ಒಂದು ಸಾಲು. ಅದರಲ್ಲಿ ಜಿಪಿಆರ್‌ಎಸ್ (2ಜಿಯ ಮಾಮೂಲಿ ಇಂಟರ್ನೆಟ್) ಬಿಟ್ಟು ‘ಡೇಟಾ ಕಾಲ್’ ಆರಿಸಿದರೆ ಫೋನೇ ಮೋಡೆಮ್ ಆಗಿ ನಂಬರ್ ಡಯಲ್ ಮಾಡುತ್ತಿತ್ತು. ಸ್ಪೀಡು 9.6 ಕೆಬಿಪಿಎಸ್. ಅಂದರೆ ಸೆಕೆಂಡಿಗೆ ಒಂದು ಕೆಬಿ ಚಿಲ್ಲರೆ. ಮಾತಾಡಿದ ಹಾಗೆ ನಿಮಿಷಕ್ಕೆ ದುಡ್ಡು. ಅದರಲ್ಲೇ ಮೇಲ್ ಓದುತ್ತಿದ್ದೆವು.

ತೋಟದಮನೆಯವರಿಗೆ ಒಂದು ಮಾತು. 2ಜಿಯಲ್ಲಿ ಫೋನ್ ಬಂದರೆ ಡೇಟಾ ನಿಂತುಬಿಡುತ್ತದೆ. ಮಾತು ಮುಗಿದ ಮೇಲೆ ಮತ್ತೆ ಶುರು. ಪೇಜ್ ಅರ್ಧಕ್ಕೆ ನಿಂತರೆ ಯಾರಾದರೂ ಫೋನ್ ಮಾಡಿದರಾ ನೋಡಿಕೊಳ್ಳಿ. ಬೆಳಗ್ಗೆ ಆರಕ್ಕೆ ಮುಂಚೆ ಲೈನ್ ಖಾಲಿ ಇರುತ್ತದೆ, ಆಗ ಪ್ರಯತ್ನಿಸಿ.

ಚಳ್ಳಕೆರೆಶೇಂಗಾ, 10:34

ಹಳೇಲೈನು ಸರ್, 6600 ಅಂದ ಕೂಡಲೇ ನನಗೂ ನೆನಪಾಯಿತು. ಅದರಲ್ಲಿ ಕನ್ನಡ ಪೇಜ್ ತೆರೆದರೆ ಬರೀ ಡಬ್ಬಿ ಡಬ್ಬಿ. ಆಮೇಲೆ ಯಾರೋ ಹೇಳಿಕೊಟ್ಟರು. ಒಪೆರಾ ಮಿನಿ ಬ್ರೌಸರಿನ ಅಡ್ರೆಸ್ ಜಾಗದಲ್ಲಿ ‘ಒಪೆರಾ’, ಕೋಲನ್, ‘ಕಾನ್ಫಿಗ್’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು. ಒಂದು ಪಟ್ಟಿ ತೆರೆಯುತ್ತದೆ. ಅದರ ಕೊನೆಯ ಕಡೆ ‘ಬಿಟ್‌ಮ್ಯಾಪ್ ಫಾಂಟ್ಸ್ ಫಾರ್ ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಅಂತ ಇರುತ್ತದೆ, ಅದನ್ನು ‘ಯೆಸ್’ ಮಾಡಿ ಸೇವ್. ಅವರ ಸರ್ವರ್ ಕನ್ನಡವನ್ನು ಚಿತ್ರ ಮಾಡಿ ಕಳಿಸುತ್ತಿತ್ತು. ಡೇಟಾ ಜಾಸ್ತಿ ಹೋಗುತ್ತಿತ್ತು, ಆದರೆ ಒತ್ತಕ್ಷರ ಸಮೇತ ಓದಿದ ದಿನ ಆದ ಖುಷಿ ಇದೆಯಲ್ಲ!

ನಿಮ್ಮ 4.4ಕ್ಕೆ ಆ ಕಷ್ಟ ಇಲ್ಲ ಅಣ್ಣ. ಆಂಡ್ರಾಯ್ಡ್ 4.1ರಿಂದಲೇ ಕನ್ನಡ ಸರಿಯಾಗಿ ಕಾಣುತ್ತದೆ. ಒಂದು ಪ್ರಶ್ನೆ ನನ್ನದು. ಕನ್ನಡ ಪೇಜು ಇಂಗ್ಲಿಷ್ ಪೇಜಿಗಿಂತ ಭಾರ ಅಂತಾರೆ, ನಿಧಾನ ಲೈನಿನಲ್ಲಿ ಇಂಗ್ಲಿಷೇ ವಾಸಿನಾ?

ಏಳುಸುತ್ತು, 10:50

ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್, ಇಂಗ್ಲಿಷಿಗೆ 1. ‘ಲಕ್ಷ್ಮೀ’ ಅಂತ ಬರೆದರೆ ಒಳಗೆ ಏಳು ಚಿಹ್ನೆ, 21 ಬೈಟ್. ಕೇಳಲು ಭಾರ ಅನಿಸುತ್ತದೆ. ಆದರೆ 3000 ಚಿಹ್ನೆಯ ಒಂದು ಲೇಖನ ಸೇರಿ 9 ಕೆಬಿ, ಸರ್ವರ್ ಅದನ್ನೂ ಹಿಂಡಿ ಕಳಿಸುತ್ತದೆ. ಪಕ್ಕದ ಒಂದು ಜಾಹೀರಾತಿನ ಫೋಟೊ ಅದರ ಹತ್ತು ಪಟ್ಟು ಇರುತ್ತದೆ. ಭಾಷೆಯದ್ದೇನೂ ತಪ್ಪಿಲ್ಲ. ತಪ್ಪು ವೆಬ್‌ಫಾಂಟಿನದು. ಚೆಂದ ಕಾಣಲಿ ಅಂತ ಸೈಟಿನವರು ಕನ್ನಡ ಫಾಂಟನ್ನೇ ಫೋನಿಗೆ ಕಳಿಸುತ್ತಾರೆ, ಅದೊಂದೇ ನೂರು ಕೆಬಿ ದಾಟುವುದು ಸಾಮಾನ್ಯ. ಫೋನಿನಲ್ಲೇ ಕನ್ನಡ ಇರುವಾಗ ಅದು ಯಾಕೆ? ಆಫ್ ಮಾಡಬಹುದು, ಹೇಗೆ ಅಂತ ಮುಂದೆ ಹೇಳುತ್ತೇನೆ.

ಎಸ್ಸೆಮ್ಮೆಸ್‌ನಲ್ಲಿ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಒಂದು ಮೆಸೇಜಿಗೆ ಇಂಗ್ಲಿಷಿನಲ್ಲಿ 160 ಚಿಹ್ನೆ, ಕನ್ನಡದಲ್ಲಿ 70ಕ್ಕೇ ಮುಗಿಯುತ್ತದೆ.

ಚಿಪ್‌ಲೆವೆಲ್ (ದಾವಣಗೆರೆ, ಮೊಬೈಲ್ ರಿಪೇರಿ), ರಾತ್ರಿ 11:20

ಅಂಗಡಿ ಬಾಗಿಲು ಹಾಕಿ ಈಗ ನೋಡಿದೆ. ತೋಟದಮನೆ ಅಣ್ಣ, ನಿಧಾನ ಬೇರೆ, ಬಿಳಿ ಹಾಳೆ ಬೇರೆ. ನಿಧಾನ ಆದರೆ ಅರ್ಧ ಆದರೂ ಬರಬೇಕು. ಎರಡು ಪ್ರಶ್ನೆ ಕೇಳುತ್ತೇನೆ. ಪೇಜ್ ತೆರೆಯುವಾಗ ಮಧ್ಯೆ ಏನಾದರೂ ಡಬ್ಬಿ ಬಂದು ‘ಕಂಟಿನ್ಯೂ’ ಒತ್ತಿ ಅಂತ ಕೇಳುತ್ತದಾ? ಫೋನಿನಲ್ಲಿ ಇವತ್ತು ತಾರೀಖು ಎಷ್ಟು ತೋರಿಸುತ್ತಿದೆ?

ತೋಟದಮನೆ, ಮಂಗಳವಾರ ಬೆಳಗ್ಗೆ 7:15

ಸರ್ಟಿಫಿಕೇಟ್ ಸರಿಯಿಲ್ಲ ಅಂತ ಏನೋ ಬರುತ್ತದೆ. ಅದು ದಿನಾ ಬರುತ್ತದೆ ಅಂತ ನಾನು ಓಕೆ ಒತ್ತಿಕೊಂಡು ಹೋಗುತ್ತಿದ್ದೆ, ಇಲ್ಲಿ ಹೇಳಲಿಲ್ಲ. ತಾರೀಖು ಈಗ ನೋಡಿದೆ. 2014ನೇ ಇಸವಿ ಜನವರಿ 1.

ಚಿಪ್‌ಲೆವೆಲ್, 7:40

ಸಿಕ್ಕಿತು ನೋಡಿ! ಪ್ರತಿ ಸೈಟಿಗೂ ತಾನು ಅಸಲಿ ಅಂತ ತೋರಿಸಲು ಒಂದು ಸರ್ಟಿಫಿಕೇಟ್ ಇರುತ್ತದೆ. ಇಂಥ ದಿನದಿಂದ ಇಂಥ ದಿನದವರೆಗೆ ಅಂತ. ನಿಮ್ಮ ಫೋನು 2014ರಲ್ಲಿ ಕೂತುಕೊಂಡು, ‘ಈ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ’ ಅನ್ನುತ್ತಿದೆ. ನೀವು ಪೇಜಿಗೆ ಓಕೆ ಅಂದರೂ ಅದರೊಳಗಿನ ಚಿತ್ರ, ಸ್ಕ್ರಿಪ್ಟು ಬೇರೆ ಬೇರೆ ಕಡೆಯಿಂದ ಬರುತ್ತವೆ. ಅವಕ್ಕೆ ಯಾರೂ ಓಕೆ ಅಂದಿಲ್ಲ. ಅದಕ್ಕೇ ಬಿಳಿ ಹಾಳೆ.

ಡೇಟ್ ಆ್ಯಂಡ್ ಟೈಮ್‌ಗೆ ಹೋಗಿ, ಆಟೊಮ್ಯಾಟಿಕ್ ಟಿಕ್ ತೆಗೆದು, ಕೈಯಿಂದಲೇ ತಾರೀಖು ಹಾಕಿ. ಇನ್ನು ಮೇಲೆ ಆ ಎಚ್ಚರಿಕೆ ಬಂದರೆ ಓಕೆ ಒತ್ತಬೇಡಿ.

ಇನ್ನೊಂದು ಕೇಳಬೇಕು. ತಾರೀಖು ಹಿಂದಕ್ಕೆ ಹೋಗುವುದು ಬ್ಯಾಟರಿ ತೆಗೆದಾಗ. ಸ್ವಿಚ್ ಆಫ್ ಮಾಡಿದರೆ ಹೋಗುವುದಿಲ್ಲ. ನೀವು ದಿನಾ ಬ್ಯಾಟರಿ ತೆಗೆಯುತ್ತೀರಾ?

ತೋಟದಮನೆ, ಮಧ್ಯಾಹ್ನ 1:30

ತೆಗೆಯುತ್ತೇನೆ. ಹಿಂದಿನ ಮುಚ್ಚಳ ಸರಿಯಾಗಿ ಕೂರುವುದಿಲ್ಲ, ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ರಾತ್ರಿ ಬ್ಯಾಟರಿ ತೆಗೆದು ಇಡುತ್ತೇನೆ.

ತಾರೀಖು ಹಾಕಿದ ಮೇಲೆ ಅರ್ಧಕ್ಕರ್ಧ ಸೈಟು ತೆರೆಯಿತು! ಆದರೆ ಒಂದು ಹತ್ತು ಸೈಟಿನಲ್ಲಿ ನಾಲ್ಕು ಇನ್ನೂ ಅದೇ ಸರ್ಟಿಫಿಕೇಟ್ ಅನ್ನುತ್ತಿವೆ.

ಏಳುಸುತ್ತು, 2:05

ಚಿಪ್‌ಲೆವೆಲ್‌ಗೆ ಒಂದು ಬೆಣ್ಣೆದೋಸೆ ಬಾಕಿ. ನಾನು ರಾತ್ರಿಯೆಲ್ಲ ಕೆಬಿ ಲೆಕ್ಕ ಹಾಕುತ್ತಿದ್ದೆ, ಅವರು ಕ್ಯಾಲೆಂಡರ್ ನೋಡಿದರು.

ಉಳಿದ ನಾಲ್ಕರ ಕಥೆ ಹೀಗೆ. ಯಾವ ಸರ್ಟಿಫಿಕೇಟ್ ನಂಬಬೇಕು ಅಂತ ಆಂಡ್ರಾಯ್ಡ್‌ನೊಳಗೆ ಒಂದು ಪಟ್ಟಿ ಇದೆ. 4.4ರಲ್ಲಿ ಆ ಪಟ್ಟಿ ಫೋನ್ ತಯಾರಾದ ದಿನಕ್ಕೇ ನಿಂತಿದೆ. ಲೆಟ್ಸ್ ಎನ್‌ಕ್ರಿಪ್ಟ್ ಅಂತ ಪುಕ್ಕಟೆ ಸರ್ಟಿಫಿಕೇಟ್ ಕೊಡುವವರು ಇದ್ದಾರೆ, ಲೆಕ್ಕವಿಲ್ಲದಷ್ಟು ಸೈಟು ಅವರದ್ದನ್ನೇ ಬಳಸುತ್ತವೆ. ಅವರ ಈಗಿನ ಮೂಲ ಸರ್ಟಿಫಿಕೇಟ್ (ಉಳಿದವೆಲ್ಲ ಇದರ ಬಲದ ಮೇಲೇ ನಿಂತಿವೆ) ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನುಗಳಿಗೆ ಗೊತ್ತೇ ಇಲ್ಲ. ಹಳೆಯ ಮೂಲ ಸರ್ಟಿಫಿಕೇಟಿನ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಹಳೇ ಫೋನುಗಳಿಗೆ ಅಂತ ಮಾಡಿದ್ದ ಅಡ್ಡದಾರಿಯೂ 2024ರಲ್ಲಿ ಮುಚ್ಚಿತು.

ದಾರಿ ಒಂದಿದೆ. ಫೈರ್‌ಫಾಕ್ಸ್ ಬ್ರೌಸರ್ ತನ್ನ ಪಟ್ಟಿಯನ್ನು ತಾನೇ ಹೊತ್ತು ತರುತ್ತದೆ, ಫೋನಿನದ್ದನ್ನು ಕೇಳುವುದಿಲ್ಲ. 4.4ಕ್ಕೆ ಹೊಂದುವ ಕೊನೆಯದು 68ನೇ ಆವೃತ್ತಿ. ಅದನ್ನು ತಯಾರಿಸುವ ಮೊಜಿಲ್ಲಾದವರ ಸ್ವಂತ ಸೈಟಿನಿಂದಲೇ ಇಳಿಸಿ, ಸಿಕ್ಕಸಿಕ್ಕ ಕಡೆಯಿಂದ ಬೇಡ. ಊರಿನಲ್ಲಿ ವೈಫೈ ಇದ್ದಾಗ ಇಳಿಸಿಕೊಳ್ಳಿ, ತೋಟದಲ್ಲಿ ಇಳಿಸಲು ಹೋದರೆ ಅಡಿಕೆ ಕೊಯ್ಲು ಮುಗಿದಿರುತ್ತದೆ. ಅದರ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್‌ನಲ್ಲಿ ‘ಶೋ ಇಮೇಜಸ್’ ಅನ್ನು ಬ್ಲಾಕ್ ಮಾಡಿ, ‘ಶೋ ವೆಬ್ ಫಾಂಟ್ಸ್’ ಟಿಕ್ ತೆಗೆಯಿರಿ. ನಾನು ಹೇಳಿದ ಫಾಂಟಿನ ಭಾರ ಅಲ್ಲೇ ಹೋಯಿತು. 512 ಎಂಬಿ ರ್ಯಾಮಿಗೆ ಫೈರ್‌ಫಾಕ್ಸ್ ಸ್ವಲ್ಪ ಹೊರೆಯೇ, ಒಂದೇ ಟ್ಯಾಬ್ ಇಟ್ಟುಕೊಳ್ಳಿ.

ಚಳ್ಳಕೆರೆಶೇಂಗಾ, 2:20

ಒಪೆರಾ ಮಿನಿಯ ಎಕ್ಸ್‌ಟ್ರೀಮ್ ಮೋಡ್ ಅದಕ್ಕಿಂತ ಹಗುರ. ಪೇಜನ್ನು ಅವರ ಸರ್ವರ್ ತೆರೆದು, ಹಿಂಡಿ, ಸಿಪ್ಪೆ ಬಿಸಾಕಿ ಕಳಿಸುತ್ತದೆ. ಹತ್ತರಲ್ಲಿ ಒಂದು ಪಾಲು ಬಂದರೆ ಹೆಚ್ಚು.

ಏಳುಸುತ್ತು, 2:28

ಒಪ್ಪಿದೆ. ರೇಟು ನೋಡಲು ಅದೇ ವಾಸಿ. ಆದರೆ ಪೇಜನ್ನು ಮಧ್ಯೆ ಇನ್ನೊಬ್ಬರ ಸರ್ವರ್ ತೆರೆಯುತ್ತದೆ ಅನ್ನುವುದು ನೆನಪಿರಲಿ. ಪಾಸ್‌ವರ್ಡ್ ಹಾಕುವ ಯಾವ ಕೆಲಸಕ್ಕೂ ಆ ಮೋಡ್ ಬೇಡ. ಬ್ಯಾಂಕು, ಯುಪಿಐ ಅಂತೂ ಈ ಫೋನಿನಲ್ಲೇ ಬೇಡ. ಸೆಕ್ಯುರಿಟಿ ಅಪ್‌ಡೇಟ್ ನಿಂತು ಎಷ್ಟೋ ವರ್ಷ ಆಗಿದೆ.

ಮಂಡಕ್ಕಿಮಿರ್ಚಿ, 4:45

ಅಣ್ಣ, ನಿನ್ನೆ ಸುಮ್ನೆ ಮಾತಾಡಿದೆ, ಬೇಜಾರಾಗಬೇಡಿ. ನನ್ನದೂ ಒಂದಿದೆ. ಹಳೇ ಕೀಪ್ಯಾಡ್ ನೋಕಿಯಾವನ್ನು ಲ್ಯಾಪ್‌ಟಾಪಿಗೆ ಮೋಡೆಮ್ ಮಾಡಲು ನೋಡಿದೆ. ಎಲ್ಲೋ ‘*99# ಡಯಲ್ ಮಾಡಿ’ ಅಂತ ಓದಿ ಫೋನಿನಲ್ಲಿ ಒತ್ತಿದೆ. ನಿಮ್ಮ ಬ್ಯಾಂಕ್ ಯಾವುದು ಅಂತ ಕೇಳುತ್ತಿದೆ!

ಹಳೇಲೈನು, 5:30

ಹಹ್ಹಾ, ತಮ್ಮಾ, ಅದು ಇಂಟರ್ನೆಟ್ ಇಲ್ಲದವರಿಗೆ ಇರುವ ಬ್ಯಾಂಕಿನ ಸೇವೆ. ನಂಬರ್ ಒಂದೇ, ಕೆಲಸ ಬೇರೆ. ಮೋಡೆಮ್‌ನ *99# ಅನ್ನು ಫೋನಿನ ಕೀಲಿಯಲ್ಲಿ ಒತ್ತುವುದಲ್ಲ. ಲ್ಯಾಪ್‌ಟಾಪಿನಲ್ಲಿ ಡಯಲ್-ಅಪ್ ಕನೆಕ್ಷನ್ ಮಾಡುತ್ತೀಯಲ್ಲ, ಅಲ್ಲಿ ಫೋನ್ ನಂಬರ್ ಕೇಳುವ ಜಾಗದಲ್ಲಿ ಬರೆಯಬೇಕು. ಯೂಸರ್‌ನೇಮ್, ಪಾಸ್‌ವರ್ಡ್ ಸಾಮಾನ್ಯವಾಗಿ ಖಾಲಿ ಬಿಟ್ಟರೆ ಆಯಿತು. ಅದಕ್ಕೆ ಮೊದಲು ಕಂಟ್ರೋಲ್ ಪ್ಯಾನೆಲ್‌ನ ಮೋಡೆಮ್ ಪ್ರಾಪರ್ಟೀಸ್‌ನಲ್ಲಿ, ಅಡ್ವಾನ್ಸ್ಡ್ ಹಾಳೆಯಲ್ಲಿ, ‘ಎಕ್ಸ್‌ಟ್ರಾ ಇನಿಷಿಯಲೈಸೇಶನ್ ಕಮಾಂಡ್ಸ್’ ಅಂತ ಇರುವ ಕಡೆ ನಿನ್ನ ಸಿಮ್‌ನ ಎಪಿಎನ್ (ಕಂಪನಿಯ ಇಂಟರ್ನೆಟ್ ಬಾಗಿಲಿನ ಹೆಸರು) ಹೇಳುವ ಎಟಿ ಕಮಾಂಡ್, ಅಂದರೆ ಮೋಡೆಮ್‌ಗೆ ಕೊಡುವ ಆದೇಶ, ಹಾಕಬೇಕು. ನೋಕಿಯಾ ಪಿಸಿ ಸೂಟ್ ಸಾಫ್ಟ್‌ವೇರ್ ಇದ್ದರೆ ಅದೇ ಎಲ್ಲ ಮಾಡಿಕೊಳ್ಳುತ್ತದೆ.

ಹಾಂ, ಎಪಿಎನ್ ಅಂದ ಮೇಲೆ ನೆನಪಾಯಿತು. ತೋಟದಮನೆಯವರು ಅದನ್ನೂ ಒಮ್ಮೆ ನೋಡಿ. ಬಿಎಸ್‌ಎನ್‌ಎಲ್ ಆದರೆ ಬಿ-ಎಸ್-ಎನ್-ಎಲ್-ಎನ್-ಇ-ಟಿ, ಸಣ್ಣ ಅಕ್ಷರ, ಮಧ್ಯೆ ಜಾಗ ಇಲ್ಲ. ಏರ್‌ಟೆಲ್ ಆದರೆ ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್. ಪ್ರಾಕ್ಸಿ, ಪೋರ್ಟ್ ಅನ್ನುವ ಎರಡು ಜಾಗವೂ ಖಾಲಿ ಇರಬೇಕು. ಅಪ್ಪನ ಕಾಲದಲ್ಲಿ ಯಾರಾದರೂ ವ್ಯಾಪ್ (ಹಳೇ ಕಾಲದ ಮೊಬೈಲ್ ಇಂಟರ್ನೆಟ್) ಸೆಟ್ಟಿಂಗ್ ಹಾಕಿಕೊಟ್ಟಿದ್ದರೆ ಅಲ್ಲಿ ಏನೋ ನಂಬರ್ ಕೂತಿರುತ್ತದೆ, ಅಳಿಸಿ.

ಮಳೆಗೆ ಇಂಟರ್ನೆಟ್ ಯಾಕೆ ಬೇಕು? ಆ ಫೋನಿನಲ್ಲಿ ಎಫ್‌ಎಂ ಇದ್ದರೆ ಇಯರ್‌ಫೋನ್ ಚುಚ್ಚಿ ಆಕಾಶವಾಣಿ ಚಿತ್ರದುರ್ಗ ಹಾಕಿ. ಇಯರ್‌ಫೋನಿನ ತಂತಿಯೇ ಏರಿಯಲ್. ಡೇಟಾ ಒಂದು ಕೆಬಿಯೂ ಬೇಡ.

ಜಗಳೂರುಅಕ್ಕ, ರಾತ್ರಿ 8:15

ಮೇಲ್ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನಾನು ಶಾಲೆಯ ಮೇಲ್‌ಗಳನ್ನು ಹೀಗೇ ನೋಡುವುದು. ಬ್ರೌಸರಿನಲ್ಲಿ ಜಿಮೇಲ್ ತೆರೆಯಬೇಡಿ. ಅದರ ಹಗುರವಾದ ಎಚ್‌ಟಿಎಂಎಲ್ ರೂಪವನ್ನು 2024ರಲ್ಲಿ ತೆಗೆದುಬಿಟ್ಟರು, ಈಗಿನದ್ದು ಭಾರ. ಕೆ-9 ಮೇಲ್‌ನ (ಮೇಲ್ ನೋಡುವ ಆ್ಯಪ್) ಹಳೇ ಆವೃತ್ತಿ ಹಾಕಿ, ಮೇಲ್ ತರುವ ವಿಧಾನ ಕೇಳಿದಾಗ ಐಮ್ಯಾಪ್ ಆರಿಸಿ, ಪೋರ್ಟ್ 993. ಮಾಮೂಲಿ ಪಾಸ್‌ವರ್ಡ್ ಕೊಟ್ಟರೆ ತಗೊಳ್ಳುವುದಿಲ್ಲ. ಗೂಗಲ್ 2022ರಲ್ಲಿ ಅದನ್ನು ನಿಲ್ಲಿಸಿತು. ಮಗಳ ಫೋನಿನಲ್ಲಿ ನಿಮ್ಮ ಅಕೌಂಟ್ ತೆರೆದು ಟೂ-ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ ‘ಆ್ಯಪ್ ಪಾಸ್‌ವರ್ಡ್’ ಮಾಡಿಕೊಳ್ಳಿ. 16 ಅಕ್ಷರದ್ದು ಬರುತ್ತದೆ. ಅದನ್ನು ಕೆ-9ಗೆ ಕೊಡಿ. ಪುಷ್ (ಮೇಲ್ ತಾನಾಗಿ ಬಂದು ಬೀಳುವುದು) ಆಫ್, ಆ್ಯಪ್ ತಾನೇ ಹುಡುಕುವುದೂ ಆಫ್. ನೀವು ಎಳೆದಾಗ ಮಾತ್ರ ಬರಲಿ. ಮೆಸೇಜನ್ನು ಎಷ್ಟು ಕೆಬಿವರೆಗೆ ಇಳಿಸಬೇಕು ಅಂತ ಕೇಳುತ್ತದೆ, ಕಡಿಮೆಯದ್ದನ್ನು ಇಡಿ. ದೊಡ್ಡ ಪಿಡಿಎಫ್ ಇದ್ದರೆ ಮನೆಗೆ ಬಂದು ನೋಡಿದರಾಯಿತು.

ಫೀಸಿನ ಮೇಲ್ ಮಾತ್ರ ಎಷ್ಟು ನಿಧಾನ ಲೈನಿನಲ್ಲೂ ಬೇಗ ಬರುತ್ತದೆ ಅಣ್ಣ, ಅದಕ್ಕೆ ಚಿಂತೆ ಮಾಡಬೇಡಿ.

ತೋಟದಮನೆ, ಗುರುವಾರ ಬೆಳಗ್ಗೆ 6:10

ಇದನ್ನು ಅದೇ ಫೋನಿನಿಂದ, ಪಂಪ್‌ಹೌಸಿನಲ್ಲೇ ಕೂತು ಬರೆಯುತ್ತಿದ್ದೇನೆ.

ಚನ್ನಗಿರಿ ರೇಟಿನ ಪೇಜ್ ಒಪೆರಾ ಮಿನಿಯಲ್ಲಿ 15 ಸೆಕೆಂಡಿಗೆ ಬಂತು. ಫೈರ್‌ಫಾಕ್ಸಿನಲ್ಲಿ ಚಿತ್ರ ನಿಲ್ಲಿಸಿ 40 ಸೆಕೆಂಡು. ರಾಶಿ, ಬೆಟ್ಟೆ, ಒಂದೊಂದು ಬಗೆಯ ಅಡಿಕೆಗೆ ಎಷ್ಟು ಅಂತ ಸಾಲು ಸಾಲಾಗಿ ಕಾಣಿಸಿತು. ಹಿಂದಿನ ಬುಧವಾರ ಇದು ಗೊತ್ತಿದ್ದರೆ ಮನೆ ಬಾಗಿಲಿಗೆ ಬಂದ ವ್ಯಾಪಾರಿ ಹೇಳಿದ ರೇಟಿಗೆ ಒಪ್ಪುತ್ತಿರಲಿಲ್ಲ, ಇರಲಿ. ಎಪಿಎನ್‌ನ ಪ್ರಾಕ್ಸಿಯಲ್ಲಿ ನಿಜವಾಗಿಯೂ ಏನೋ ನಂಬರ್ ಇತ್ತು, ಅಳಿಸಿದೆ. ಮೇಲ್ ಬಂತು. ಅಕ್ಕ ಹೇಳಿದ ಹಾಗೆ ಫೀಸಿನದ್ದೇ.

ಸಂಜೆ ಏಳರ ಮೇಲೆ ಮಾತ್ರ ಏನೂ ಓಡುವುದಿಲ್ಲ. ಊರೆಲ್ಲ ಫೋನಿನಲ್ಲಿ ಮಾತಾಡುವ ಹೊತ್ತು. ಚಾರ್ಜೂ ಮಧ್ಯಾಹ್ನಕ್ಕೇ ಮುಗಿಯುತ್ತದೆ.

ಏಳುಸುತ್ತು, 8:00

ಚಾರ್ಜಿಗೆ ಒಂದು ಉಪಾಯ. ಫೋನು ಇಲ್ಲದ 3ಜಿಯನ್ನು ಹುಡುಕಿ ಹುಡುಕಿ ಸುಸ್ತಾಗುತ್ತಿದೆ. ಡಯಲರ್‌ನಲ್ಲಿ *#*#4636#*#* ಒತ್ತಿ. ಫೋನ್ ಇನ್ಫರ್ಮೇಶನ್ ಒಳಗೆ ‘ಪ್ರಿಫರ್ಡ್ ನೆಟ್‌ವರ್ಕ್ ಟೈಪ್’ ಅನ್ನು ‘ಜಿಎಸ್‌ಎಂ ಓನ್ಲಿ’ (2ಜಿ ಮಾತ್ರ) ಮಾಡಿ. ಕೆಲವು ಕಂಪನಿ ಫೋನಿನಲ್ಲಿ ಈ ಕೋಡ್ ತೆರೆಯುವುದಿಲ್ಲ, ಆಗ ಮೊಬೈಲ್ ನೆಟ್‌ವರ್ಕ್ಸ್ ಸೆಟ್ಟಿಂಗಿನಲ್ಲೇ 2ಜಿ ಆರಿಸಿ.

ಚಿಪ್‌ಲೆವೆಲ್, 9:20

ಅದನ್ನು ಮಾಡಿ, ಆದರೆ ನಿಜವಾದ ರೋಗ ಅದಲ್ಲ. ಮುಚ್ಚಳ ಕೂರುವುದಿಲ್ಲ ಅಂದಿರಲ್ಲ, ಬ್ಯಾಟರಿ ಉಬ್ಬಿದೆ. ಮೇಜಿನ ಮೇಲೆ ಇಟ್ಟು ಬುಗುರಿ ಥರ ತಿರುಗಿಸಿ ನೋಡಿ. ತಿರುಗಿದರೆ ಮುಗಿಯಿತು. ಉಬ್ಬಿದ್ದನ್ನು ಚಾರ್ಜಿಗೆ ಹಾಕಬೇಡಿ, ಚುಚ್ಚಬೇಡಿ, ಪಂಪ್‌ಹೌಸಿನ ಬಿಸಿಲಿನಲ್ಲಂತೂ ಇಡಲೇಬೇಡಿ. ಹೊಸ ಬ್ಯಾಟರಿ ಹಾಕಿದರೆ ರಾತ್ರಿ ತೆಗೆಯುವ ಕೆಲಸ ಇಲ್ಲ, ತಾರೀಖೂ ಹಿಂದಕ್ಕೆ ಓಡುವುದಿಲ್ಲ. ದಾವಣಗೆರೆಗೆ ಬಂದಾಗ ಫೋನ್ ತನ್ನಿ. ಅದಕ್ಕೆ ಮೊದಲು ಬ್ಯಾಟರಿ ಮೇಲಿನ ಮಾಡೆಲ್ ನಂಬರಿನ ಒಂದು ಫೋಟೊ ಹಾಕಿ, ಹುಡುಕಿ ಇಡುತ್ತೇನೆ.

ತೋಟದಮನೆ, 9:50

ತಿರುಗಿತು. ಬುಗುರಿಗಿಂತ ಚೆನ್ನಾಗಿ ತಿರುಗಿತು.

ಫೋಟೊ ಇಲ್ಲಿಂದ ಕಳಿಸಲು ನಾಲ್ಕು ನಿಮಿಷ ಬೇಕು. ಮಧ್ಯೆ ಆಳುಗಳು ಫೋನ್ ಮಾಡಿದರೆ ಮತ್ತೆ ಮೊದಲಿನಿಂದ. ಮನೆಗೆ ಹೋಗಿ ನಂಬರನ್ನೇ ಟೈಪ್ ಮಾಡಿ ಹಾಕುತ್ತೇನೆ.